ಇಂಧನ ತಿಂದು ನೀರು ತೊಳೆದವರು

ರಾತ್ರಿ ಅಜ್ಜಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು ಸಿದ್ಧ. ಆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಎಂದು ಮಕ್ಕಳೆಲ್ಲ ಪಾಠದಲ್ಲಿ ಓದಿದ್ದೀರಿ. ಇಂಥ ಜೀವಿಗಳು ಮಣ್ಣಿನೊಳಗೂ ಕೋಟಿಗಟ್ಟಲೆ ಇವೆ. ಅವು ಒಂದು ಊರಿನ ಅಂತರ್ಜಲವನ್ನು ತೊಳೆದ ಕಥೆ ಕೇಳಿ.

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ, ಚಾರ್ಲ್ಸ್‌ಟನ್ ನಗರದ ಪಕ್ಕದಲ್ಲಿ ಹ್ಯಾನಹನ್ ಎಂಬ ಊರಿದೆ. 1975ರಲ್ಲಿ ಅಲ್ಲಿನ ಇಂಧನ ಸಂಗ್ರಹಾಗಾರದಿಂದ ಸುಮಾರು 80,000 ಗ್ಯಾಲನ್, ಅಂದರೆ ಮೂರು ಲಕ್ಷ ಲೀಟರಿನಷ್ಟು ಜೆಟ್ ವಿಮಾನದ ಇಂಧನ ಸೋರಿತು. ಅಲ್ಲಿಯದು ಮರಳು ನೆಲ. ಇಂಧನ ಸರಸರನೆ ಇಂಗಿ ಅಂತರ್ಜಲ ಸೇರಿತು. 1985ರ ಹೊತ್ತಿಗೆ ಆ ವಿಷ ನೆಲದಡಿಯಲ್ಲೇ ಹರಿದು ಜನ ವಾಸಿಸುವ ಬಡಾವಣೆಗೆ ಬಂದಿತ್ತು.

ಅಷ್ಟೂ ಮಣ್ಣನ್ನು ಅಗೆದು ತೆಗೆಯೋಣವೆಂದರೆ ಆಗದ ಮಾತು. ನೀರನ್ನಷ್ಟೇ ಪಂಪ್ ಮಾಡಿ ತೆಗೆದರೆ ಮರಳಿಗೆ ಅಂಟಿದ ಇಂಧನ ಹಾಗೆಯೇ ಉಳಿಯುತ್ತಿತ್ತು.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯವರು ಮಣ್ಣನ್ನು ಪರೀಕ್ಷಿಸಿದಾಗ ಅಚ್ಚರಿ ಕಾದಿತ್ತು. ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳು ಆಗಲೇ ಇಂಧನದ ವಿಷವನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತಿದ್ದವು! ಆದರೆ ಕೆಲಸ ತೀರ ನಿಧಾನ. ಎಲೆಯ ತುಂಬ ಬರೀ ಅನ್ನ ಬಡಿಸಿ ಸಾರು, ಪಲ್ಯ ಕೊಡದಿದ್ದರೆ ನೀವು ಎಷ್ಟು ಉಂಡೀರಿ? ಅವುಗಳ ಪಾಡೂ ಹಾಗೆಯೇ ಇತ್ತು. ಗಿಡಕ್ಕೆ ಗೊಬ್ಬರ ಬೇಕಾದಂತೆ ಅವಕ್ಕೂ ಪೋಷಕಾಂಶ ಬೇಕಿತ್ತು.

1992ರಲ್ಲಿ ವಿಜ್ಞಾನಿಗಳು ಪೋಷಕಾಂಶ ಬೆರೆಸಿದ ನೀರನ್ನು ನೆಲಕ್ಕೆ ಇಂಗಿಸಿದರು. ಇನ್ನೊಂದು ಕಡೆ ಬಾವಿಗಳಿಂದ ಕೆಟ್ಟ ನೀರನ್ನು ಮೇಲೆತ್ತಿದರು. 1993ರ ಕೊನೆಗೆ ಬಡಾವಣೆಯ ಮಾಲಿನ್ಯ ಶೇಕಡ 75ರಷ್ಟು ಇಳಿದಿತ್ತು. ಪೋಷಕಾಂಶ ಇಂಗಿಸಿದ ಜಾಗದ ಹತ್ತಿರವಂತೂ ಟಾಲ್ವೀನ್ ಎಂಬ ವಿಷ ಪರೀಕ್ಷೆಗೇ ಸಿಗದಷ್ಟು ಕಡಿಮೆಯಾಗಿತ್ತು.

ಹಾಗೆಂದು ಎಲ್ಲವನ್ನೂ ಬ್ಯಾಕ್ಟೀರಿಯಾಗಳ ತಲೆಗೆ ಕಟ್ಟಲಾಗದು. ಸೀಸ, ಆರ್ಸೆನಿಕ್‌ಗಳು ಮೂಲವಸ್ತುಗಳು. ಅವನ್ನು ಒಡೆದು ಇಲ್ಲವಾಗಿಸಲು ಯಾವ ಬ್ಯಾಕ್ಟೀರಿಯಾಕ್ಕೂ ಆಗದು. ಇಂಧನದ ವಿಷಯದಲ್ಲೂ ಲೆಕ್ಕ ಹಾಕಿ ನೋಡಿ: ಸೋರಿದ್ದು 1975ರಲ್ಲಿ, ಮುಕ್ಕಾಲು ಪಾಲು ತೊಳೆದದ್ದು 1993ಕ್ಕೆ. ಹದಿನೆಂಟು ವರ್ಷ!

ಮುಂದಿನ ಸಲ ಸ್ಕೂಟರಿನ ಹಳೇ ಎಂಜಿನ್ ಆಯಿಲನ್ನು ಯಾರಾದರೂ ಬಾವಿಯ ಪಕ್ಕ ಸುರಿಯಲು ಹೊರಟರೆ, ಮಕ್ಕಳೇ, ಕೈ ಹಿಡಿದು ನಿಲ್ಲಿಸಿ. ಅವರು ನಿಮ್ಮ ತಾತನೇ ಆದರೂ ಸರಿ.