ಸಾಕುನಾಯಿಯ ರಕ್ತಭೇದಿ

ಬೆಳಗಿನ ಹೊತ್ತು ಅಂಗಳದ ಮೂಲೆಯಲ್ಲಿ ನಾಯಿ ಮಾಡಿದ ಮಲದಲ್ಲಿ ಕೆಂಪು ಕಂಡೊಡನೆ ಮನೆಯ ಯಜಮಾನನ ಮನಸ್ಸಿನಲ್ಲಿ ಎರಡರಲ್ಲಿ ಒಂದು ಭಾವ ತಲೆದೋರುತ್ತದೆ: ಒಂದೋ, ಕರುಳೇ ಕೊಳೆತುಹೋಯಿತೆಂಬ ಗಾಬರಿ, ಇಲ್ಲವೇ, ನಾಯಿಗೆ ಇದೆಲ್ಲ ಇದ್ದದ್ದೇ, ಗರಿಕೆ ಮೇದು ವಾಂತಿ ಮಾಡಿಕೊಂಡು ತಾನಾಗಿ ಸರಿಹೋಗುತ್ತದೆಂಬ ಉಪೇಕ್ಷೆ. ಗಾಬರಿಗೊಂಡವನು ಹೇಗೋ ಪಶುವೈದ್ಯರ ಬಾಗಿಲನ್ನು ತಟ್ಟುತ್ತಾನೆ. ಉಪೇಕ್ಷಿಸಿದವನು ತಟ್ಟುವುದು ಮಾರನೆಯ ದಿನದ ಸಂಜೆಗೆ, ನಾಯಿ ಕಾಲೂರಲಾರದ ಸ್ಥಿತಿಗೆ ಬಂದ ಮೇಲೆ. ಇಬ್ಬರೂ ರಕ್ತವನ್ನು ನೋಡುತ್ತಾರೆಯೇ ಹೊರತು ರಕ್ತದೊಡನೆ ಹರಿದುಹೋಗುತ್ತಿರುವ ನೀರನ್ನು ನೋಡುವುದಿಲ್ಲ. ಭೇದಿಯಿಂದ ಅಸುನೀಗುವ ನಾಯಿಗಳಲ್ಲಿ ಬಹುಪಾಲು ಸಾಯುವುದು ರಕ್ತನಷ್ಟದಿಂದಲ್ಲ, ಜಲನಷ್ಟದಿಂದ ಮತ್ತು ಅದರ ಬೆನ್ನಿಗೇ ಬರುವ ಸೋಂಕಿನಿಂದ. ಐದು ಕಿಲೋ ತೂಗುವ ಮರಿಯೊಂದು ತನ್ನ ತೂಕದ ನೂರರಲ್ಲಿ 8 ಪಾಲು ನೀರನ್ನು ಕಳೆದುಕೊಂಡಿತೆಂದರೆ ಹೋದದ್ದು 400 ಮಿಲಿಲೀಟರು. ನಮ್ಮ ಎರಡು ಲೋಟಕ್ಕೆ ಮಿಗದ ಅಷ್ಟು ನೀರೇ ಆ ಪುಟ್ಟ ಜೀವವನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸಲು ಸಾಕು.

ಹಾಗೆಂದು ರಕ್ತ ಹೇಳುವುದನ್ನು ಕೇಳಬಾರದೆಂದಲ್ಲ. ದೊಡ್ಡ ಕರುಳಿನಲ್ಲಿಯೋ ಗುದದ್ವಾರದ ಸಮೀಪದಲ್ಲಿಯೋ ಒಸರಿದ ರಕ್ತ ಜೀರ್ಣವಾಗುವಷ್ಟು ದೂರ ಸಾಗಬೇಕಾಗಿಲ್ಲವಾದ್ದರಿಂದ ಅಚ್ಚಗೆಂಪಾಗಿಯೇ ಹೊರಬೀಳುತ್ತದೆ. ಅದರೊಡನೆ ಲೋಳೆ ಬೆರೆತಿದ್ದು, ನಾಯಿ ಗಳಿಗೆಗೊಮ್ಮೆ ಕುಕ್ಕರಿಸಿ ಎಷ್ಟು ತಿಣುಕಿದರೂ ಚಮಚದಷ್ಟು ಮಾತ್ರ ಹೊರಬರುತ್ತಿದ್ದರೆ, ಅದು ದೊಡ್ಡ ಕರುಳಿನ ಉರಿಯೂತ. ಕಣ್ಣಿಗೆ ಘೋರವಾಗಿ ಕಂಡರೂ ಪ್ರಾಯಕ್ಕೆ ಬಂದ ಚೈತನ್ಯವುಳ್ಳ ನಾಯಿಯಲ್ಲಿ ಬಹುತೇಕ ಸೌಮ್ಯವಾದದ್ದು. ಹೊಟ್ಟೆಯಲ್ಲಿ ಅಥವಾ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಸೋರಿದ ರಕ್ತವಾದರೋ ದಾರಿಯುದ್ದಕ್ಕೂ ಪಚನಗೊಂಡು ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ, ಸಹಿಸಲಾಗದ ದುರ್ಗಂಧದೊಡನೆ ಬರುತ್ತದೆ. ಇದು ರಕ್ತವೆಂದು ತೋರದೆ ಇರುವುದರಿಂದಲೇ ಯಾರನ್ನೂ ಎಚ್ಚರಿಸುವುದಿಲ್ಲ. ನಿಜವಾಗಿ ಹೆಚ್ಚು ಹೆದರಬೇಕಾದದ್ದು ಇದಕ್ಕೆ. (ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯವನ್ನು ನಾಯಿಗೆ ಯಾರಾದರೂ ಹಾಕಿದ್ದರೋ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಕೂಡ ಒಳ್ಳೆಯದು, ಆ ಕೆಂಪಿಗೆ ಔಷಧ ಬೇಕಿಲ್ಲ.)

ಬಣ್ಣವನ್ನು ನೋಡಿಯಾದ ಮೇಲೆ ಮಲವನ್ನು ಬಿಟ್ಟು ನಾಯಿಯನ್ನು ನೋಡಬೇಕು. ಮೇಲ್ದುಟಿಯನ್ನು ಮೆಲ್ಲನೆ ಎತ್ತಿದರೆ ಒಸಡು ಕಾಣುತ್ತದೆ. ಆರೋಗ್ಯವಂತ ನಾಯಿಯಲ್ಲಿ ಅದು ನಸುಗೆಂಪಾಗಿ, ತೇವವಾಗಿ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡು ಬೆರಳಿಗೆ ಅಂಟುವಂತೆ ಒಣಗಿದ್ದರೆ, ಬಣ್ಣ ಮರಳಲು ತಡವಾದರೆ, ಹೆಗಲಿನ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಮಡಿಕೆಯಾಗಿಯೇ ನಿಂತರೆ, ದೇಹದ ನೀರು ಆಗಲೇ ಬಹಳಷ್ಟು ಬತ್ತಿದೆಯೆಂದು ತಿಳಿಯಬೇಕು. ಒಸಡು ಹುಟ್ಟಿನಿಂದಲೇ ಕಪ್ಪಾಗಿರುವ ನಾಯಿಗಳಲ್ಲಿ ಕೆಳರೆಪ್ಪೆಯ ಒಳಬದಿಯನ್ನು ನೋಡುವುದುಂಟು. ಈ ಪರೀಕ್ಷೆಯನ್ನು ಕಾಯಿಲೆ ಬಂದ ದಿನ ಮೊದಲ ಬಾರಿಗೆ ಮಾಡಹೊರಟರೆ ಯಾವುದು ಸಹಜ ಯಾವುದು ಅಸಹಜವೆಂದು ತಿಳಿಯುವುದೇ ಇಲ್ಲ. ನಾಯಿ ಸುಖವಾಗಿರುವಾಗಲೇ ನೋಡಿ ಕಣ್ಣಿಗೆ ರೂಢಿ ಮಾಡಿಕೊಂಡಿರಬೇಕು.

ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ನಮ್ಮ ಪ್ರೀತಿ. ವೈದ್ಯರು "ಏನು ಹಾಕಿದ್ರಿ ಅಮ್ಮ?" ಎಂದು ಕೇಳಿದರೆ, "ಏನೂ ಇಲ್ಲ ಡಾಕ್ಟ್ರೇ, ನಾವು ತಿಂದದ್ದೇ, ಒಂಚೂರು" ಎಂಬ ಉತ್ತರ ಬರುತ್ತದೆ, ವಿಚಾರಿಸುತ್ತ ಹೋದಂತೆ ಆ ಒಂಚೂರಿನಲ್ಲಿ ತುಪ್ಪ ಸುರಿದ ಹೋಳಿಗೆ, ಬಿರಿಯಾನಿಯ ಕೋಳಿಮೂಳೆ, ದ್ರಾಕ್ಷಿಯನ್ನು ಹುರಿದು ಹಾಕಿದ ಪಾಯಸ ಎಲ್ಲವೂ ಹೊರಬರುತ್ತವೆ. ಅತಿಯಾದ ಜಿಡ್ಡು ಮೇದೋಜೀರಕ ಗ್ರಂಥಿಯನ್ನು ಕೆರಳಿಸಬಲ್ಲುದು. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಗೀರಬಲ್ಲುದು. ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ಕೆಲವು ನಾಯಿಗಳ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಹಬ್ಬದ ಮಾರನೆಯ ದಿನ ಪಶುಚಿಕಿತ್ಸಾಲಯಗಳಲ್ಲಿ ಜನ ಹೆಚ್ಚಿದ್ದರೆ ಅದಕ್ಕೆ ಆಶ್ಚರ್ಯಪಡಬೇಕಾದದ್ದಿಲ್ಲ.

ಎಳೆಯ ಮರಿಗಳಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಮೊದಲು ಸಂಶಯಪಡಬೇಕಾದವುಗಳಲ್ಲಿ ಒಂದು ಕೊಕ್ಕೆಹುಳು. ಕರುಳಿನ ಗೋಡೆಗೆ ಹಲ್ಲೂರಿ ರಕ್ತ ಹೀರುವ ಈ ಹುಳು ತಾಯಿಯ ಹಾಲಿನ ಮೂಲಕವೇ ಮರಿಯನ್ನು ಸೇರುತ್ತದಾದ್ದರಿಂದ, ಮಲಪರೀಕ್ಷೆಯಲ್ಲಿ ಮೊಟ್ಟೆಗಳು ಕಾಣಿಸಿಕೊಳ್ಳುವುದಕ್ಕೂ ಮುಂಚೆ, ಎರಡು ಮೂರು ವಾರದ ಮರಿಗಳೇ ಬಿಳಿಚಿಕೊಂಡು ಸಾಯುವುದುಂಟು. ಜಂತುಹುಳುವಿನ ಔಷಧವನ್ನು ಮರಿಗೆ ಎರಡು ವಾರವಾದಾಗ ಆರಂಭಿಸಿ ಎರಡು ವಾರಕ್ಕೊಮ್ಮೆ ಕೊಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ. ಇದೇ ಹುಳುವಿನ ಮರಿಹುಳುಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಮಕ್ಕಳ ಚರ್ಮದೊಳಕ್ಕೂ ನುಗ್ಗಿ ತುರಿಕೆಯ ಕೆಂಪು ಗೆರೆಗಳನ್ನು ಎಳೆಯುತ್ತವೆಂಬುದನ್ನು ನೆನೆದರೆ ಈ ಔಷಧ ನಾಯಿಗಷ್ಟೇ ಕೊಡುವ ಔಷಧವಲ್ಲ.

ಮರಿಗಳ ಮಹಾಶತ್ರುವಾದರೋ ಪಾರ್ವೋ. 1978ಕ್ಕೆ ಮುಂಚೆ ಈ ಮಾರಿಯನ್ನು ಪಶುವೈದ್ಯರು ಕಂಡರಿಯರು. ಆ ವರ್ಷ ಹಲವು ದೇಶಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ತಲೆಯೆತ್ತಿ, ಎರಡು ವರ್ಷಗಳೊಳಗೆ ಲೋಕವನ್ನೆಲ್ಲ ಸುತ್ತಿತು. ಬೆಕ್ಕುಗಳ ಕರುಳಿನ ವ್ಯಾಧಿಗೆ ಕಾರಣವಾದ ವೈರಸ್ಸೋ ಅದರ ಹತ್ತಿರದ ದಾಯಾದಿಯೋ ತನ್ನ ಹೊರಕವಚದಲ್ಲಿ ಕೆಲವೇ ಸಣ್ಣ ಮಾರ್ಪಾಡುಗಳನ್ನು ಮಾಡಿಕೊಂಡು ನಾಯಿಯ ಜೀವಕೋಶಗಳ ಬಾಗಿಲನ್ನು ತೆರೆಯುವ ಸಾಮರ್ಥ್ಯವನ್ನು ಪಡೆದುದೇ ಇದರ ಮೂಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀಲೆಂಡ್ ಕಾರ್ಮೈಕಲ್, ಮ್ಯಾಕ್ಸ್ ಅಪೆಲ್ ಮೊದಲಾದವರು ಇದನ್ನು ಅಭ್ಯಸಿಸಿ ಬೇಗನೆ ಲಸಿಕೆಯನ್ನು ಸಿದ್ಧಪಡಿಸಿದರು. ಅದು ಕೈಗೆ ಬರುವವರೆಗೆ ಬೆಕ್ಕಿನ ಲಸಿಕೆಯನ್ನೇ ನಾಯಿಗಳಿಗೆ ಚುಚ್ಚಿ ಕಾಲಹರಣ ಮಾಡಬೇಕಾಯಿತು.

ಈ ವೈರಸ್ಸು ಎಲ್ಲೆಲ್ಲಿ ಜೀವಕೋಶಗಳು ತ್ವರಿತವಾಗಿ ಹುಟ್ಟುತ್ತಿವೆಯೋ ಅಲ್ಲಿಗೇ ಹೋಗುತ್ತದೆ: ಕರುಳಿನ ಒಳಪದರಕ್ಕೆ, ಮೂಳೆಯ ಮಜ್ಜೆಗೆ. ಕರುಳಿನ ಒಳಗೋಡೆ ಹೊಸ ಕೋಶಗಳಿಲ್ಲದೆ ಕುಸಿದು, ಆ ತನಕ ಒಳಗೇ ಅಡಗಿದ್ದ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಅವುಗಳನ್ನು ಎದುರಿಸಬೇಕಾದ ಬಿಳಿಯ ರಕ್ತಕಣಗಳು ಮಜ್ಜೆಯಲ್ಲೇ ನಾಶವಾಗಿರುತ್ತವೆ. ಸೋಂಕು ತಗಲಿ ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ಮರಿ ಮೊದಲು ಮಂಕಾಗಿ ಅನ್ನ ಬಿಡುತ್ತದೆ, ಬಳಿಕ ವಾಂತಿ, ಆಮೇಲೆ ಒಮ್ಮೆ ಮೂಗಿಗೆ ಬಡಿದವರು ಮರೆಯಲಾರದ ದುರ್ಗಂಧದ ರಕ್ತಭೇದಿ. ವೈರಸ್ಸನ್ನೇ ಕೊಲ್ಲಲು ರೂಢಿಯ ಮದ್ದು ಯಾವುದೂ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ವಾಂತಿಯನ್ನು ನಿಲ್ಲಿಸಿ, ಎರಡನೆಯ ಸೋಂಕನ್ನು ತಡೆದು, ಕರುಳು ತನ್ನನ್ನು ತಾನೇ ಕಟ್ಟಿಕೊಳ್ಳುವವರೆಗೆ ಪ್ರಾಣವನ್ನು ಹಿಡಿದಿಡುವುದಷ್ಟೇ ಚಿಕಿತ್ಸೆ. ಅಷ್ಟನ್ನು ಸಕಾಲದಲ್ಲಿ ಮಾಡಿದರೆ ಹೆಚ್ಚಿನ ಮರಿಗಳು ಬದುಕುತ್ತವೆ, ಮಾಡದಿದ್ದರೆ ಹೆಚ್ಚಿನವು ಸಾಯುತ್ತವೆ. ಆದಕಾರಣ ಲಸಿಕೆ ಮುಗಿಯದ ಮರಿ ವಾಂತಿ ಮಾಡಿ ಅನ್ನ ಬಿಟ್ಟಿತೆಂದರೆ ರಕ್ತ ಕಾಣುವವರೆಗೆ ಕಾಯತಕ್ಕದ್ದಲ್ಲ.

ಸಣ್ಣ ತಳಿಯ ಪ್ರಾಯದ ನಾಯಿಗಳಲ್ಲಿ, ನಿನ್ನೆಯವರೆಗೆ ಕುಣಿದಾಡುತ್ತಿದ್ದು, ಹಠಾತ್ತನೆ ಮಲವೇ ಇಲ್ಲದ ಬರಿಯ ಕೆಂಪು ದ್ರವವನ್ನು ಸುರಿಸುವ ಇನ್ನೊಂದು ವ್ಯಾಧಿಯುಂಟು. ಅದೂ ಡ್ರಿಪ್ಪಿಗೆ ಆಶ್ಚರ್ಯಕರವಾಗಿ ಒಲಿಯುತ್ತದೆ. ಉಣ್ಣೆಗಳಿಂದ ಬರುವ ಜ್ವರ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಕುಗ್ಗಿಸಿ ಮೂಗಿನಿಂದಲೂ ಮಲದಿಂದಲೂ ರಕ್ತ ಸೋರಿಸಬಹುದು. ಇಲಿಪಾಷಾಣಗಳಲ್ಲಿ ಒಂದು ಬಗೆಯದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದರ ಲಕ್ಷಣ ತೋರುವುದು ತಿಂದ ಕೆಲವು ದಿನಗಳ ಬಳಿಕವಾದ್ದರಿಂದ, ಮನೆಯಲ್ಲಾಗಲಿ ನೆರೆಯ ಗೋದಾಮಿನಲ್ಲಾಗಲಿ ಅದನ್ನು ಇಟ್ಟಿದ್ದರೆ ನೆನಪಿಟ್ಟು ವೈದ್ಯರಿಗೆ ಹೇಳಬೇಕು, ಸಾಧ್ಯವಾದರೆ ಪೊಟ್ಟಣವನ್ನೇ ಒಯ್ಯಬೇಕು. ಇದಕ್ಕೆ ಕೆ ಜೀವಸತ್ವವೆಂಬ ಪ್ರತ್ಯೌಷಧ ಇದೆ.

ಮನೆಯ ಔಷಧಪೆಟ್ಟಿಗೆಯನ್ನು ತೆರೆಯುವ ಚಪಲವನ್ನು ನಾನು ಭೇದಿಗಿಂತಲೂ ದೊಡ್ಡ ಕೇಡೆಂದು ಎಣಿಸುತ್ತೇನೆ. ಹೊಟ್ಟೆನೋವಿರಬಹುದೆಂದು ಐಬುಪ್ರೊಫೆನ್ನನ್ನೋ ಡೈಕ್ಲೊಫೆನಾಕನ್ನೋ ಕೊಟ್ಟರೆ ಇಲ್ಲದ ಹುಣ್ಣು ಹೊಟ್ಟೆಯಲ್ಲಿ ಹುಟ್ಟಿ ಕಪ್ಪು ಮಲ ಆರಂಭವಾಗುತ್ತದೆ. ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳುಮಾಡಬಹುದು. ಭೇದಿಯನ್ನು ಕಟ್ಟುವ ಮನುಷ್ಯರ ಮಾತ್ರೆ ವಿಷವನ್ನು ಒಳಗೇ ಕೂಡಿಹಾಕಬಹುದಲ್ಲದೆ ಕೋಲಿ ವಂಶದ ನಾಯಿಗಳ ಮಿದುಳಿಗೇ ಏರಬಲ್ಲುದು. ಮೆಡಿಕಲ್ ಶಾಪಿನವರು ಕೊಡುವ ಮೆಟ್ರೊನಿಡಜೋಲ್ ಕೂಡ ಸಾಧಾರಣ ಭೇದಿಗೆ ಬೇಕಾಗುವುದೇ ಇಲ್ಲ.

ನಾಯಿ ಪ್ರಾಯದ್ದಾಗಿದ್ದು, ಲಸಿಕೆಗಳು ಆಗಿದ್ದು, ವಾಂತಿಯಿಲ್ಲದೆ ಚುರುಕಾಗಿದ್ದು, ಗೆರೆಯಷ್ಟೇ ಕೆಂಪು ಕಂಡಿದ್ದರೆ, ಒಂದು ದಿನ ಮನೆಯಲ್ಲಿಯೇ ಗಮನಿಸಬಹುದು. ನೀರು ಯಾವಾಗಲೂ ಮುಂದಿರಲಿ. ಉಪವಾಸ ಕೆಡವುವುದು ಹಳೆಯ ಕ್ರಮ, ಈಗ ವೈದ್ಯರು ಸ್ವಲ್ಪಸ್ವಲ್ಪವಾಗಿ ಉಣಿಸುವುದನ್ನೇ ಮೆಚ್ಚುತ್ತಾರೆ. ಮೆತ್ತಗೆ ಬೇಯಿಸಿದ ಅನ್ನ, ಚರ್ಮವನ್ನೂ ಮೂಳೆಯನ್ನೂ ತೆಗೆದು ಉಪ್ಪುಖಾರವಿಲ್ಲದೆ ಬೇಯಿಸಿದ ಕೋಳಿ, ಇವನ್ನು ದಿನಕ್ಕೆ ನಾಲ್ಕೈದು ಹೊತ್ತು ಮಾಡಿ ಕೊಟ್ಟು, ಮಲ ಗಟ್ಟಿಯಾದ ಮೇಲೆ ಹಳೆಯ ಆಹಾರಕ್ಕೆ ಕೆಲವು ದಿನಗಳಲ್ಲಿ ಮೆಲ್ಲಗೆ ಮರಳಬೇಕು. ಹಾಲು ಬೇಡ. ವಾಂತಿ ಸೇರಿಕೊಂಡರೆ, ಮಲ ಕಪ್ಪಾದರೆ, ರಕ್ತ ಹೆಚ್ಚಿದರೆ, ಜ್ವರಮಾಪಕ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಗಮನಿಸುವ ಅವಧಿ ಮುಗಿಯಿತು. ಮಲದ ತುಣುಕನ್ನು ಚೊಕ್ಕಟ ಡಬ್ಬಿಯಲ್ಲಿ ಹಾಕಿಕೊಂಡು ಹೊರಡಬೇಕು, ಏಕೆಂದರೆ ಮೇಜಿನ ಮೇಲೆ ಹತ್ತಿಸಿದ ನಾಯಿ ಅಲ್ಲಿ ಮಲ ಮಾಡುವುದೇ ಇಲ್ಲ.

ಪಾರ್ವೋ ಬಂದು ಹೋದ ಮನೆಯಲ್ಲಿ ನೆಲ ತೊಳೆಯುವ ಕೆಲಸವೂ ಚಿಕಿತ್ಸೆಯ ಭಾಗವೇ. ಈ ವೈರಸ್ಸಿಗೆ ಸಾಬೂನಿನ, ಮದ್ಯಸಾರದ ಭಯವಿಲ್ಲ. ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ, ಚಪ್ಪಲಿಗೆ ಅಂಟಿ ಮನೆಯಿಂದ ಮನೆಗೆ ಹೋಗುತ್ತದೆ. ಮಲವನ್ನು ಪೂರ್ತಿ ತೆಗೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಟ್ಟು ತೊಳೆಯಬೇಕು. ಅಂಗಳದ ಮಣ್ಣಿಗೆ ಅಂಥ ಉಪಾಯ ಸಾಗದು. ಅಂಥ ಅಂಗಳಕ್ಕೆ ಹೊಸ ಮರಿಯನ್ನು ತರುವುದಾದರೆ ಲಸಿಕೆಯ ಸರಣಿ ಮುಗಿದದ್ದನ್ನೇ ತರಬೇಕು: ಆರರಿಂದ ಎಂಟು ವಾರದ ಪ್ರಾಯದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ. ಹಾಲಿನೊಡನೆ ತಾಯಿ ಕೊಟ್ಟ ರಕ್ಷಣೆಯೇ ಮೊದಲ ಚುಚ್ಚುಮದ್ದನ್ನು ನಿಷ್ಫಲಗೊಳಿಸಬಲ್ಲುದಾದ್ದರಿಂದ, ಒಂದನ್ನು ಹಾಕಿಸಿ ನಿಶ್ಚಿಂತರಾದವರ ಮರಿಗಳೇ ಡ್ರಿಪ್ಪಿನ ಕೆಳಗೆ ಮಲಗಿರುವುದನ್ನು ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ.