ನೂರರಲ್ಲಿ ಆರು ಪಾಲು ಊಟಕ್ಕೆ

ನಮ್ಮ ರಾಗಿ ತೂಗುವುದು 18 ಕಿಲೋ. ಹುರಿದ ರಾಗಿಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಶೆಲ್ಟರ್‌ನಿಂದ ಫ್ರೀಮಾಂಟ್‌ನ ಮನೆಗೆ ಕರೆತಂದಾಗ ಅವಳಿಗೆ ಮೂರು ವರ್ಷ. ಚೀಟಿಯಲ್ಲಿ ತಳಿಯ ಜಾಗದಲ್ಲಿ ಬರೆದಿದ್ದದ್ದು ‘ಮಿಶ್ರ’ ಎಂದಷ್ಟೇ. ಊರಲ್ಲಾದರೆ ಕಂತ್ರಿ ನಾಯಿ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಿದ್ದರು.

ಬೇ ಏರಿಯಾದ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಾಗ ದೊಡ್ಡವರು ಮೊದಲು ವಿಚಾರಿಸುವುದು ನಾಯಿಯ ಬೆಲೆಯನ್ನು. ಖರ್ಚಿನಲ್ಲಿ ಅದು ತೀರಾ ಸಣ್ಣ ಬಾಬ್ತು. ಶೆಲ್ಟರ್‌ನಲ್ಲಿ ಕೆಲವು ನೂರು ಡಾಲರ್ ಕಟ್ಟಿದರೆ ಸಂತಾನಹರಣ ಶಸ್ತ್ರಚಿಕಿತ್ಸೆ, ಮೈಕ್ರೋಚಿಪ್, ಮೊದಲ ಲಸಿಕೆಗಳು ಸಾಮಾನ್ಯವಾಗಿ ಅದರಲ್ಲೇ ಮುಗಿದಿರುತ್ತವೆ. ಕೇಳಬೇಕಾದದ್ದು ವರ್ಷಕ್ಕೆಷ್ಟು, ಅದರಲ್ಲೂ ನಾವು ಮನೆಯಲ್ಲಿಲ್ಲದ ಹೊತ್ತಿಗೆ ಎಷ್ಟು ಎಂದು.

ಊಟದಿಂದ ಶುರುಮಾಡುತ್ತೇನೆ. ಪಶುವೈದ್ಯರ ಸೂತ್ರ ಹೀಗಿದೆ: ಕಿಲೋಗಳಲ್ಲಿನ ತೂಕವನ್ನು 0.75 ಘಾತಕ್ಕೇರಿಸಿ 70ರಿಂದ ಗುಣಿಸಿದರೆ, ಸುಮ್ಮನೆ ಮಲಗಿದ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ಅದರ 1.6 ಪಟ್ಟು. 18 ಕಿಲೋಗೆ ಇದು ಸುಮಾರು 980 ಕ್ಯಾಲೊರಿ. ಗ್ರಾಂಗೆ 3.6 ಕ್ಯಾಲೊರಿಯ ಒಣ ಆಹಾರವಾದರೆ ದಿನಕ್ಕೆ 272 ಗ್ರಾಂ, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕ್ವಿಂಟಲ್. 30 ಪೌಂಡಿನ ಎಂಟು ಚೀಲ, ಚೀಲಕ್ಕೆ 65 ಡಾಲರ್ ಎಂದು ಹಿಡಿದರೆ 520 ಡಾಲರ್.

ಇನ್ನು ಉಳಿದದ್ದು. ದರಗಳು ನಾನು ಲೆಕ್ಕಕ್ಕೆ ಹಿಡಿದವು. ನಿಮ್ಮ ಬೀದಿಯ ದರ ಹಾಕಿ ತಿದ್ದಿಕೊಳ್ಳಿ. ವಾರ್ಷಿಕ ತಪಾಸಣೆ, ಲಸಿಕೆ, ಚಿಗಟ ಮತ್ತು ಹೃದಯದ ಹುಳುವಿಗೆ ಮುಂಜಾಗ್ರತೆಯ ಔಷಧಿ ಸೇರಿ 900. ವಿಮೆ ತಿಂಗಳಿಗೆ 60ರಂತೆ 720. ಬಾಡಿಗೆ ಮನೆಯವರಿಗೆ ನಾಯಿಯ ಹೆಸರಿನ ಹೆಚ್ಚುವರಿ ಬಾಡಿಗೆ ತಿಂಗಳಿಗೆ 75ರಂತೆ 900. (2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಮಾಲೀಕರು ನಾಯಿಯ ಠೇವಣಿಯೂ ಸೇರಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ, ಆದರೆ ಈ ತಿಂಗಳ ವಸೂಲಿಗೆ ಆ ಮಿತಿ ಅನ್ವಯಿಸದು.) ಗಂಡ ಹೆಂಡತಿ ಇಬ್ಬರೂ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುವವರಾದರೆ ಮಧ್ಯಾಹ್ನ ನಾಯಿಯನ್ನು ನಡೆಸುವವರಿಗೆ ಸಲಕ್ಕೆ 25ರಂತೆ, 48 ವಾರಕ್ಕೆ 144 ಸಲ: 3,600. ಡಿಸೆಂಬರ್‌ನಲ್ಲಿ ಊರಿಗೆ ಹೊರಟರೆ 28 ರಾತ್ರಿಯ ಬೋರ್ಡಿಂಗ್, ರಾತ್ರಿಗೆ 75ರಂತೆ 2,100.

ಕೂಡಿದರೆ 8,740 ಡಾಲರ್. ಇದರಲ್ಲಿ ಊಟದ ಪಾಲು ನೂರಕ್ಕೆ ಆರು. ನಾವು ಮನೆಯಲ್ಲಿಲ್ಲದ ಹೊತ್ತಿನ ಪಾಲು 5,700, ಅಂದರೆ ನೂರಕ್ಕೆ 65. ಈ ಒಂದು ಅಂಕಿ ಗೊತ್ತಿದ್ದರೆ ಎಷ್ಟೋ ನಾಯಿಗಳು ಶೆಲ್ಟರ್‌ಗೆ ವಾಪಸಾಗುವುದು ತಪ್ಪೀತು. ನಾಯಿ ತರುವ ಮೊದಲು ಮನೆಯ ವಾರದ ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿ ನೋಡಿ. ತಳಿಯ ಪುಸ್ತಕವನ್ನು ಆಮೇಲೆ ತೆರೆದರಾಯಿತು.

ತಳಿಯ ವಿಷಯಕ್ಕೆ ಬಂದರೆ, ಸುತ್ತಲಿನ ಮನೆಗಳಲ್ಲಿ ಎರಡು ಮೂರು ಸಾವಿರ ಡಾಲರ್ ಕೊಟ್ಟು ‘ಡೂಡಲ್’ ತಂದವರಿದ್ದಾರೆ. ಅದೂ ಬೆರಕೆಯೇ. ಆಸ್ಟ್ರೇಲಿಯಾದ ವಾಲಿ ಕಾನ್ರನ್ 1989ರಲ್ಲಿ ಅಂಧ ಮಹಿಳೆಯೊಬ್ಬರಿಗಾಗಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಅದರಿಂದ ಹುಟ್ಟಿಕೊಂಡ ವ್ಯಾಪಾರ ಕಂಡು ಮೂವತ್ತು ವರ್ಷದ ನಂತರ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ತಳಿ ನೋಡಿ ಗುಣ ಊಹಿಸಬಹುದೆಂಬ ನಂಬಿಕೆಗೂ ಅಂಕಿಗಳ ಬೆಂಬಲ ಕಡಿಮೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 18,385 ನಾಯಿಗಳ ಬಗ್ಗೆ ಮಾಲೀಕರ ಉತ್ತರ ಪಡೆದು, 2,155 ನಾಯಿಗಳ ಡಿಎನ್‌ಎ ಓದಿತು. ನಾಯಿ ನಾಯಿಯ ನಡುವಿನ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಸಾಧ್ಯವಾದದ್ದು ಸುಮಾರು ಶೇಕಡಾ 9 ಮಾತ್ರ. ಎದುರಿಗಿರುವ ನಾಯಿ ಹೇಗಿದೆ ಎಂಬುದೇ ಮುಖ್ಯ. ಮಕ್ಕಳಿರುವ ಮನೆಗೆ ಎರಡು ವರ್ಷ ದಾಟಿದ ಮಿಶ್ರ ತಳಿಯ ನಾಯಿಯನ್ನು ನಾನು ಹೇಳುವುದು ಇದಕ್ಕೇ: ಎಷ್ಟು ಬೆಳೆಯುತ್ತದೆ, ಮಕ್ಕಳ ಗಲಾಟೆಗೆ ಬೆದರುತ್ತದೆಯೇ ಎಂಬುದನ್ನು ಕಣ್ಣಾರೆ ಕಂಡೇ ತೀರ್ಮಾನಿಸಬಹುದು.

ಬೆರಕೆ ನಾಯಿಗೆ ರೋಗವೇ ಬರುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ನಮ್ಮ ಪಕ್ಕದ ಡೇವಿಸ್‌ನ ಪಶುವೈದ್ಯ ಆಸ್ಪತ್ರೆಯಲ್ಲಿ 1995ರಿಂದ 2010ರವರೆಗೆ ಕಂಡ 27,254 ರೋಗಿ ನಾಯಿಗಳ ದಾಖಲೆ ತೆಗೆದು, ವಂಶವಾಹಿ ಎನ್ನಲಾದ 24 ಕಾಯಿಲೆಗಳನ್ನು ಹೋಲಿಸಿದ್ದಾರೆ. 10 ಕಾಯಿಲೆ ಶುದ್ಧ ತಳಿಯಲ್ಲಿ ಹೆಚ್ಚು, 13ರಲ್ಲಿ ವ್ಯತ್ಯಾಸವಿಲ್ಲ. ಒಂದು ಮಾತ್ರ ಮಿಶ್ರ ತಳಿಯಲ್ಲೇ ಹೆಚ್ಚು: ಹಿಂಗಾಲಿನ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು. ಈ ತೊಂದರೆಗೆ ಮೈತೂಕ ಹೆಚ್ಚಿರುವುದೂ ಒಂದು ಕಾರಣ. ಆದ್ದರಿಂದ 272 ಗ್ರಾಂ ಅಂದರೆ 272 ಗ್ರಾಂ. ನಾನು ಅಡುಗೆಮನೆಯ ತಕ್ಕಡಿಯಲ್ಲೇ ತೂಗುತ್ತೇನೆ.

ಅಡುಗೆಮನೆ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ನಾಯಿಗೆ ಈರುಳ್ಳಿ ಆಗದು: ಮೈತೂಕದ ಕಿಲೋಗೆ 15ರಿಂದ 30 ಗ್ರಾಂ ಹೊಟ್ಟೆಗೆ ಹೋದರೆ ಕೆಂಪು ರಕ್ತಕಣ ಒಡೆಯುತ್ತವೆ. ರಾಗಿಯ ತೂಕಕ್ಕೆ ಅದು 270 ಗ್ರಾಂನಿಂದ ಶುರು, ಅಂದರೆ ಎರಡು ಮೂರು ಗಡ್ಡೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ; ಅದಕ್ಕೆ ಇಂತಿಷ್ಟೇ ಎಂಬ ಸುರಕ್ಷಿತ ಅಳತೆ ಇಲ್ಲ. ವಿಷ ಅದರ ಟಾರ್ಟಾರಿಕ್ ಆಮ್ಲದಲ್ಲಿರಬೇಕು ಎಂಬ ವಾದ ಮಂಡಿಸಿದ 2022ರ ವರದಿ, ಅದೇ ಆಮ್ಲವಿರುವ ಹುಣಸೆಹಣ್ಣು ತಿಂದ ನಾಯಿಗಳ ಮೂತ್ರಪಿಂಡವೂ ಕೆಟ್ಟದ್ದನ್ನು ದಾಖಲಿಸಿದೆ. ಉಳಿದ ಸಾರು ಕಲಸಿದ ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುವುದು ನಮ್ಮ ಹಿರಿಯರ ಅಭ್ಯಾಸ, ಅದರ ಹಿಂದಿರುವುದು ಪ್ರೀತಿಯೇ. ಊರಿಂದ ಆರು ತಿಂಗಳಿಗೆ ಬಂದ ಅಮ್ಮನಿಗೆ ನಾನು ಮೊದಲ ದಿನವೇ ಇದನ್ನು ಬಿಡಿಸಿ ಹೇಳಿದೆ. ಈಗ ಅವರು ರಾಗಿಗೆ ಕೊಡುವುದು ಬೇಯಿಸಿದ ಕ್ಯಾರೆಟ್‌ನ ಒಂದು ತುಂಡು.

ಇಲ್ಲಿನ ಬೆಟ್ಟದ್ದೇ ಒಂದು ಅಪಾಯವಿದೆ. ಮೇ ತಿಂಗಳ ಹೊತ್ತಿಗೆ ಹುಲ್ಲು ಒಣಗಿ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅದರ ನಡುವೆ ಫಾಕ್ಸ್‌ಟೇಲ್ ತೆನೆ. ಮಿಷನ್ ಪೀಕ್‌ನಿಂದ ಇಳಿದ ಸಂಜೆ ರಾಗಿ ಮುಂಗಾಲನ್ನು ಬಿಡದೆ ನೆಕ್ಕುತ್ತಿದ್ದಳು. ಬೆರಳ ಸಂದಿ ಬಿಡಿಸಿ ಟಾರ್ಚ್ ಹಿಡಿದರೆ ಕೂದಲಿನಡಿ ಕಾಳುಮೆಣಸಿನಷ್ಟು ಕೆಂಪು ಗುಳ್ಳೆ, ಅದರ ಬಾಯಲ್ಲಿ ಹುಲ್ಲಿನ ಮುಳ್ಳಿನ ತುದಿ. ಆ ಬೀಜದ ಮುಳ್ಳುಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ, ಹಾಗಾಗಿ ಅದು ಒಳಕ್ಕೆ ಮಾತ್ರ ಸರಿಯುತ್ತದೆ. ಮೂಗು, ಕಿವಿಗೆ ಹೊಕ್ಕರೆ ಅರಿವಳಿಕೆ ಕೊಟ್ಟೇ ತೆಗೆಯಬೇಕಾಗಬಹುದು. ನಡೆದು ಬಂದ ಮೇಲೆ ನಾಲ್ಕು ಪಾದ, ಎರಡು ಕಿವಿ ನೋಡಲು ಐದು ನಿಮಿಷ ಸಾಕು.

ಊರಿನ ಬೀದಿಯಿಂದಲೇ ಒಂದು ಮರಿ ತಂದರೇನು ಎಂದು ಕೇಳುವವರಿದ್ದಾರೆ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಬರುವ ನಾಯಿಗೆ ಆರು ತಿಂಗಳು ತುಂಬಿರಬೇಕು. ರೇಬೀಸ್ ಅಪಾಯದ ಪಟ್ಟಿಯಲ್ಲಿ ಭಾರತವಿದೆ. ಅಲ್ಲೇ ಲಸಿಕೆ ಪಡೆದ ನಾಯಿಗೆ ರಕ್ತಪರೀಕ್ಷೆಯ ಫಲಿತಾಂಶವಿಲ್ಲದಿದ್ದರೆ 28 ದಿನದ ಪ್ರತ್ಯೇಕವಾಸ. ನಿಯಮ ಜಾರಿಯಾದಾಗ ಅಂಥ ನಾಯಿಗಳು ಇಳಿಯಬಹುದಾಗಿದ್ದ ವಿಮಾನ ನಿಲ್ದಾಣಗಳು ಆರೇ. ಅವುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇರಲಿಲ್ಲ, ನಮಗೆ ಹತ್ತಿರದ್ದು ಲಾಸ್ ಏಂಜಲೀಸ್. ಅಷ್ಟು ಹಣ, ಅಷ್ಟು ಆಯಾಸ ಯಾಕೆ? ಮಿಲ್ಪಿಟಾಸ್‌ನ ಹ್ಯೂಮೇನ್ ಸೊಸೈಟಿ ಸಿಲಿಕಾನ್ ವ್ಯಾಲಿಗೆ ಒಮ್ಮೆ ಹೋಗಿ ಬನ್ನಿ. ಹಿರಿಯರೇ ಇರುವ ಮನೆಯಾದರೆ ಸ್ಯಾನ್ ಫ್ರಾನ್ಸಿಸ್ಕೊದ ಮಟ್‌ವಿಲ್‌ಗೆ ಹೋಗಿ; 2007ರಲ್ಲಿ ಶುರುವಾದ ಅದು ವಯಸ್ಸಾದ ನಾಯಿಗಳಿಗೆಂದೇ ಇದೆ, 62 ದಾಟಿದವರಿಗೆ ಶುಲ್ಕ ಬಿಡುವ ಯೋಜನೆ ನಡೆಸುತ್ತದೆ.

ಇನ್ನು ಬೋರ್ಡಿಂಗ್‌ನ ಆ 2,100 ಡಾಲರ್. ಸನ್ನಿವೇಲ್‌ನ ಸ್ನೇಹಿತರೂ ನಾವೂ ಸರದಿ ಮಾಡಿಕೊಂಡಿದ್ದೇವೆ: ಒಂದು ಡಿಸೆಂಬರ್ ಅವರು ಊರಿಗೆ, ಮುಂದಿನದಕ್ಕೆ ನಾವು. ಈ ಸಲ ಹೊರಟವರು ಅವರು. ಅವರದು ಚಿವಾವಾ ಬೆರಕೆ, 6 ಕಿಲೋ. ದಿನಕ್ಕೆ 119 ಗ್ರಾಂ, 28 ದಿನಕ್ಕೆ ಮೂರೂಕಾಲು ಕಿಲೋಗಿಂತ ತುಸು ಹೆಚ್ಚು. ಡಬ್ಬಿ ತುಂಬಿ, ಮೇಲೊಂದು ಚೀಟಿ ಅಂಟಿಸಿ, ರಾಗಿಯ ಡಬ್ಬಿಯ ಪಕ್ಕಕ್ಕಿಟ್ಟಿದ್ದೇವೆ.