ಪಾಟಾ, ಫಾಳಕಾ, ಪಿಕಪ್ಪು

ಫೆಬ್ರುವರಿಯ ನಸುಕಿನಲ್ಲಿ ಸಾಂಗಲಿಯ ವಸಂತದಾದಾ ಮಾರ್ಕೆಟ್ ಯಾರ್ಡಿನ ಹೊರಗೆ ಪಿಕಪ್ಪುಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಬೆನ್ನು ಓದುತ್ತ ನಡೆದರೆ ಎರಡು ರಾಜ್ಯಗಳ ಸೀಮೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಎಂಎಚ್ 10 ಈ ಜಿಲ್ಲೆಯದೇ. ಕೆಎ 23 ಚಿಕ್ಕೋಡಿ ಕಡೆಯದು, ಕೆಎ 48 ಜಮಖಂಡಿ, ಕೆಎ 28 ವಿಜಯಪುರ. ಒಂದು ಗಾಡಿಯ ಫಾಳಕಾದ, ಅಂದರೆ ಹಿಂಬದಿಯ ಹಲಗೆಯ ಮೇಲೆ ಮರಾಠಿಯಲ್ಲಿ ತಾಯಿಯ ಆಶೀರ್ವಾದ, ಪಕ್ಕದ್ದರ ಮೇಲೆ ಕನ್ನಡದಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಹೆಸರು, ಅದರಾಚೆಯದಕ್ಕೆ ಮಿರಜದ ಮೀರಾಸಾಹೇಬ ದರ್ಗಾದ ಚಿತ್ರ. ಕನ್ನಡಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಮುಂದಿನ ಬಂಪರಿಗೆ ಕರಿ ಗೊಂಡೆ. ತಾಡಪತ್ರಿಯ ಸಂದಿಯಿಂದ ಹಸಿಮಣ್ಣು ಮತ್ತು ಅರಿಷಿಣ ಬೆರೆತ ವಾಸನೆ ಬರುತ್ತಿರುತ್ತದೆ. ಚಾಲಕ ಕನ್ನಡದಲ್ಲಿ ಕೇಳುತ್ತಾನೆ, ಹಮಾಲ ಮರಾಠಿಯಲ್ಲಿ ಉತ್ತರಿಸುತ್ತಾನೆ, ಇಬ್ಬರಿಗೂ ಎಲ್ಲ ತಿಳಿಯುತ್ತದೆ.

ಸಾಂಗಲಿಯ ಅರಿಷಿಣಕ್ಕೆ 2018ರಲ್ಲಿ, ಇಲ್ಲಿನ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಈ ಪೇಟೆಗೆ ಮಾಲು ಬರುವುದು ಬರೀ ಜಿಲ್ಲೆಯ ಹೊಲಗಳಿಂದಲ್ಲ. ಗೋಕಾಕ, ಮೂಡಲಗಿ, ರಾಯಬಾಗ, ತೇರದಾಳದ ಅರಿಷಿಣ ಇಲ್ಲಿಗೇ ಬರುತ್ತದೆ. ಅಥಣಿ, ತಿಕೋಟಾ ಕಡೆಯ ಮಣೂಕ, ಅಂದರೆ ಒಣದ್ರಾಕ್ಷಿ, ಇಲ್ಲಿಯೋ ತಾಸಗಾಂವದಲ್ಲಿಯೋ ಸವಾಲಿಗೆ ಇಳಿಯುತ್ತದೆ. ಮಿರಜದ ಮೂಡಲ ಹಳ್ಳಿಗಳಾದ ಆರಗ, ಬೇಡಗ, ನರವಾಡದ ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆ ಹೊರಡುತ್ತದೆ. ಮಿರಜ ಜಂಕ್ಷನ್ನಿನಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರದ ಕಡೆಗೆ ರೈಲು ಹಳಿಗಳಿವೆ ನಿಜ. ಆದರೆ ಹೊಲದ ಬದುವಿನಿಂದ ಪೇಟೆಯ ಕಟ್ಟೆಯವರೆಗಿನ ಹಾದಿಯಲ್ಲಿ ಹಳಿ ಇಲ್ಲ. ಅಲ್ಲಿ ಪಿಕಪ್ಪೇ ಎಲ್ಲ.

ಈ ಕಡೆ ಪಿಕಪ್ ಅಂದರೆ ಮೊದಲು ಮಹಿಂದ್ರಾ. ಬೊಲೆರೊ ಪಿಕಪ್ಪಿಗೆ ಎಷ್ಟು ವಯಸ್ಸಾದರೂ ಬೇಡಿಕೆ ಇಳಿದಿಲ್ಲ. ಹಳೆಯದು ಮಾರಲು ನಿಂತರೆ ಸಂಜೆಯೊಳಗೆ ಗಿರಾಕಿ ಬರುತ್ತಾನೆ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲಿದೆ. ಟಾಟಾದವರು 2005ರಲ್ಲಿ ಏಸ್ ತಂದಾಗ ಅದಕ್ಕೆ ಛೋಟಾ ಹಾಥಿ ಎಂಬ ಹೆಸರೇ ನಿಂತಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂತು, 2017ರಲ್ಲಿ ಟಾಟಾ ಯೋಧಾ. 2022ರ ಸೆಪ್ಟೆಂಬರಿನಲ್ಲಿ ಎರಡು ಟನ್ ಹೊರುವ ಯೋಧಾ 2.0 ಬಂದಾಗ ಅದರ ಬೆಲೆ 9.99 ಲಕ್ಷದಿಂದ ಶುರುವಾಗಿತ್ತು. 2023ರ ಏಪ್ರಿಲಿನಲ್ಲಿ ಮಹಿಂದ್ರಾ ತನ್ನ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ಹೊಸ ಸಾಲನ್ನು 7.85 ಲಕ್ಷದಿಂದ ಆರಂಭಿಸಿತು. ಅದರಲ್ಲಿ ಸಿಟಿ ಮತ್ತು ಎಚ್‌ಡಿ ಎಂಬ ಎರಡು ಮನೆತನ. 1.3 ಟನ್ನಿನಿಂದ 2 ಟನ್ನಿನವರೆಗೆ ಬೇರೆಬೇರೆ ತೂಕ, ಡೀಸೆಲ್ ಉಂಟು, ಸಿಎನ್‌ಜಿಯೂ ಉಂಟು, ಮಾಲು ತುಂಬುವ ಹೌದಾದ ಉದ್ದ 3,050 ಮಿಲಿಮೀಟರಿನ ತನಕ. ಈ ಬೆಲೆಗಳೆಲ್ಲ ಬಿಡುಗಡೆಯ ದಿನದ ಎಕ್ಸ್ ಶೋರೂಂ ಬೆಲೆಗಳು.

ಸಾಂಗಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ ವಿಶ್ರಾಮಬಾಗ ದಾಟುವಾಗ ಶೋರೂಂಗಳ ಗಾಜು ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿರುತ್ತದೆ. ಒಳಗೆ ಕಾಗವಾಡ ಕಡೆಯ ಒಬ್ಬ ಹುಡುಗ, ಅವನ ಜೊತೆ ಬಿಳಿ ಟೋಪಿಯ ಚಿಕ್ಕಪ್ಪ. ಎದುರಿಗೆ ಬಿಳಿ ಬಣ್ಣದ ಹೊಸ ಪಿಕಪ್ಪು, ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ. ಹುಡುಗ ಬಾಗಿಲು ತೆಗೆದು ಹಾಕಿ ಅದರ ಸದ್ದು ಕೇಳುತ್ತಾನೆ. ಕಾಕಾ ನೆಲಕ್ಕೆ ಕೂತು ಕೆಳಗಿನ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ ಎಣಿಸುತ್ತಾರೆ.

“ಕಾಕಾ, ಒನ್ ಪಾಯಿಂಟ್ ಥ್ರೀ ತಗೊಂಡು ಎರಡ ಪಾಟಾ ಜಾಸ್ತಿ ಹಾಕಸೂಣು. ರೊಕ್ಕಾ ಉಳಿತೈತಿ.”

“ಉಳದ ರೊಕ್ಕಾ ಯಾರಿಗೆ ಹೋಗತೈತಿ ಹೇಳ. ಟಯರ್ ಅಂಗಡಿಯಾಂವಗ. ಇಲ್ಲಾಂದ್ರ ದಂಡಕ್ಕ.”

ಈ ಎರಡು ಮಾತಿನೊಳಗೆ ಪಿಕಪ್ ವ್ಯವಹಾರದ ಪೂರ್ತಿ ಜಗಳವಿದೆ. ನನ್ನ ಮನಸ್ಸು ಕಾಕಾನ ಕಡೆಗಿದೆ. ಯಾಕೆಂದು ಹೇಳುವ ಮೊದಲು ಲೆಕ್ಕದ ಹಾಳೆಯನ್ನು ನೋಡಬೇಕು.

2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರಿ ಮೊದಲು 10 ಲಕ್ಷ ಬೀಳುತ್ತಿದ್ದ ಗಾಡಿ, ಮೂಲ ಬೆಲೆ ಅಷ್ಟೇ ಇದ್ದರೆ, 9,21,875 ರೂಪಾಯಿಗೆ ಬರಬೇಕು. 78,125 ರೂಪಾಯಿ ಉಳಿಯಿತು. ಅದರ ಮೇಲೆ ವಿಮೆ, ನೋಂದಣಿ, ರಸ್ತೆ ತೆರಿಗೆ ಸೇರಿ ಆನ್ ರೋಡ್ ಬೆಲೆ ಆಗುತ್ತದೆ. ಎಂಟೂವರೆ ಲಕ್ಷ ಸಾಲ ಎತ್ತಿ, ಶೇಕಡಾ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಹಪ್ತಾ ಹಾಕಿದರೆ ತಿಂಗಳಿಗೆ 18,060 ರೂಪಾಯಿ. ಐದು ವರ್ಷದ ಬಡ್ಡಿಯೇ 2,33,000 ದಾಟುತ್ತದೆ. ದ್ರಾಕ್ಷಿ, ಅರಿಷಿಣ, ಮಣೂಕದ ಸುಗ್ಗಿ ಇರುವ ಜನವರಿಯಿಂದ ಮೇವರೆಗೆ ಈ ಹಪ್ತಾ ಹಗುರ. ಆಷಾಢ, ಶ್ರಾವಣದಲ್ಲಿ ಕೃಷ್ಣೆ ತುಂಬಿ ಬಂದು ಬಾಡಿಗೆ ನಿಂತಾಗ ಅದೇ ಹಪ್ತಾ ಎದೆಯ ಮೇಲೆ ಕೂರುತ್ತದೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನದಿ ಅಪಾಯದ 45 ಅಡಿಯ ಗುರುತನ್ನು ಮೀರಿ 57 ಅಡಿಯ ಹತ್ತಿರ ಹರಿದ ದಿನಗಳನ್ನು ಇಲ್ಲಿನ ಯಾವ ಗಾಡಿ ಮಾಲಕನೂ ಮರೆತಿಲ್ಲ.

ಸಾಂಗಲಿ-ಮಿರಜ ರಸ್ತೆಯಲ್ಲಿ ಆಗೀಗ ಇನ್ನೊಂದು ಜಾತಿಯ ಪಿಕಪ್ಪೂ ಕಾಣುತ್ತದೆ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್. ಬಿಳಿ ನಂಬರ್ ಪ್ಲೇಟು, ನಾಲ್ಕು ಬಾಗಿಲು, ಒಳಗೆ ತಂಪು ಗಾಳಿ. ಅಮೆರಿಕ, ಆಸ್ಟ್ರೇಲಿಯಾ, ಥಾಯ್ಲೆಂಡಿನಲ್ಲಿ ಮಧ್ಯಮ ಗಾತ್ರದ ಪಿಕಪ್ ಎಂದರೆ ಈ ಬಗೆಯದೇ. ಅಲ್ಲಿ ಗಿರಾಕಿ ಸನ್‌ರೂಫ್, ಎತ್ತರದ ಸಸ್ಪೆನ್ಷನ್, ಹೌದಾದ ಮುಚ್ಚಳ ಎಂದು ಆಯ್ಕೆಗಳ ಪಟ್ಟಿ ಹಿಡಿದು ಕೂರುತ್ತಾನೆ. ಭಾರತದಲ್ಲಿ ಹೈಲಕ್ಸ್ 2022ರಲ್ಲಿ ಬಂದಾಗ ಆರಂಭದ ಬೆಲೆ 33.99 ಲಕ್ಷ, ಮರುವರ್ಷ 30.40 ಲಕ್ಷಕ್ಕೆ ಇಳಿಸಿದರು. 2.8 ಲೀಟರಿನ ಎಂಜಿನ್, 204 ಅಶ್ವಶಕ್ತಿ, 700 ಮಿಲಿಮೀಟರ್ ಆಳದ ನೀರಲ್ಲೂ ಹಾಯುವ ತಾಕತ್ತು. ಅದರ ಯಂತ್ರದ ಬಗ್ಗೆ ನನಗೆ ಗೌರವವಿದೆ. ಆದರೆ 5,325 ಮಿಲಿಮೀಟರ್ ಉದ್ದದ ಆ ಗಾಡಿಯಲ್ಲಿ ಮಾಲಿಗೆ ಸಿಗುವುದು ಸುಮಾರು ಒಂದೂವರೆ ಮೀಟರ್ ಜಾಗ. ಮೂರು ಬೊಲೆರೊ ಕೊಳ್ಳುವ ಹಣಕ್ಕೆ ಅರ್ಧ ಬೊಲೆರೊದ ಹೌದಾ. ದೊಡ್ಡ ತೋಟದವರು ತಮ್ಮ ಸಂತೋಷಕ್ಕೆ ಕೊಳ್ಳುತ್ತಾರೆ, ಕೊಳ್ಳಲಿ. ಮಾರ್ಕೆಟ್ ಯಾರ್ಡಿನ ಸಾಲಿನಲ್ಲಿ ಅದಕ್ಕೆ ಕೆಲಸವಿಲ್ಲ.

ಇಲ್ಲಿ ಹೆಚ್ಚಿನ ಆಯ್ಕೆಗಳು ಹುಟ್ಟುವುದು ಶೋರೂಂ ಬಿಟ್ಟ ಮೇಲೆ. ಸಾಂಗಲಿಯ ಶಂಭರ ಫೂಟಿ ರಸ್ತೆಗೆ ಹೋಗಿ ನೋಡಿ. ಗ್ಯಾರೇಜು, ಸ್ಪೇರ್ ಪಾರ್ಟ್, ರೇಡಿಯಂ, ಸೀಟ್ ಕವರ್, ವೆಲ್ಡಿಂಗ್. ಹೊಸ ಗಾಡಿ ಪೂಜೆ ಮುಗಿಸಿ, ಹಾರ ಬಾಡುವ ಮೊದಲೇ ಇಂಥಲ್ಲಿಗೆ ಬರುತ್ತದೆ. ಕೆಲವರು ಬರೀ ಕ್ಯಾಬಿನ್ ಮತ್ತು ಚಾಸಿ ಇರುವ ಗಾಡಿ ತಂದು ಹೌದಾವನ್ನು ಇಲ್ಲೇ ಕಟ್ಟಿಸುತ್ತಾರೆ. ಉಳಿದವರು ಕಂಪನಿಯ ಹೌದಾದ ಮೇಲೆ ಕಬ್ಬಿಣದ ಜಾಳಿಗೆ ಏರಿಸುತ್ತಾರೆ. ನೀಲಿ ಬೆಳಕು ಚಿಮ್ಮುವ ವೆಲ್ಡಿಂಗಿನ ಹತ್ತಿರ ಮಿಸ್ತ್ರಿ ಮುಖಕ್ಕೆ ಗಾಜಿನ ತಟ್ಟೆ ಹಿಡಿದು ಕೂತಿದ್ದಾನೆ. ಅವನ ಅಳತೆಪಟ್ಟಿಗಿಂತ ಅವನ ಪ್ರಶ್ನೆ ಮುಖ್ಯ: “ಮಾಲ ಯಾವ್ದು ಹಾಕಾವ್ರು?” ದ್ರಾಕ್ಷಿಯ ಕ್ರೇಟಾದರೆ ಒಳಗಿನ ಅಗಲ ಕ್ರೇಟಿನ ಲೆಕ್ಕಕ್ಕೆ ಹೊಂದಬೇಕು, ಇಲ್ಲವಾದರೆ ಒಂದು ಸಾಲು ಕಡಿಮೆ ಕೂರುತ್ತದೆ. ಅರಿಷಿಣದ ಚೀಲಕ್ಕೆ ನೆಲ ಗಟ್ಟಿ ಇರಬೇಕು. ಎಮ್ಮೆ, ಆಕಳು ಸಾಗಿಸುವವನಿಗೆ ಜಾರದ ಗೀರಿನ ತಗಡು, ಎತ್ತರದ ಪಕ್ಕ. ವೀಳ್ಯದೆಲೆಗೆ ಗಾಳಿ ಬೇಕು, ಬಿಸಿಲು ಬೇಡ. ತಾಡಪತ್ರಿಯ ಕಮಾನನ್ನು ಅದಕ್ಕೆ ತಕ್ಕಂತೆ ಬಾಗಿಸಬೇಕು.

ಕೈಯ ಕಸುಬನ್ನು ಕಾಲಕ್ಕೆ ಹೊರಳಿಸುವುದು ಈ ಸೀಮೆಗೆ ಹೊಸದಲ್ಲ. ಮಿರಜದ ಹೆಸರಾಂತ ಸಿತಾರ್ ಮಾಡುವ ಮನೆತನಗಳ ಹಿರಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿ, ಭಲ್ಲೆ ಸಾಣೆ ಹಿಡಿಯುವ ಶಿಕಲಗಾರರು. ಆಯುಧದ ಕೆಲಸ ಕಡಿಮೆಯಾದಾಗ ಅವರು ತಂತಿವಾದ್ಯಕ್ಕೆ ಕೈ ಹಾಕಿದರು. ಅವರ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹೌದಾ ಕಟ್ಟುವವರಿಗೆ ಯಾರೂ ಗುರುತಿನ ಪತ್ರ ಕೊಡುವುದಿಲ್ಲ. ಆದರೂ ಜೋಡಣೆ ಬಿಡದ, ಮಳೆಗಾಲದಲ್ಲಿ ತುಕ್ಕು ಹಿಡಿಯದ ಒಂದು ಒಳ್ಳೆಯ ಹೌದಾ ಕಂಡಾಗ ಅದನ್ನು ಕಟ್ಟಿದವನ ಕೈ ನೋಡಬೇಕೆನಿಸುತ್ತದೆ.

ಈಗ ಪಾಟಾದ ಮಾತು. ಹಿಂದಿನ ಅಚ್ಚಿನ ಮೇಲೆ ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳೇ ಗಾಡಿಯ ಬೆನ್ನು. 1.3 ಟನ್ನಿನ ಗಾಡಿಗೆ ಇನ್ನೆರಡು ಪಟ್ಟಿ ಸೇರಿಸಿದರೆ ಮಾಲು ತುಂಬಿದಾಗ ಅದು ಕೂರುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ನೋಡಿದವನಿಗೆ ಗಾಡಿಯ ಶಕ್ತಿ ಹೆಚ್ಚಿತು ಅನ್ನಿಸುತ್ತದೆ. ಆದರೆ ಬ್ರೇಕು ಹಳೆಯದೇ, ಟಯರು ಹಳೆಯದೇ, ಅಚ್ಚು ಹಳೆಯದೇ, ಚಾಸಿಯೂ ಅದೇ. ಹೆಚ್ಚಿನ ತೂಕವನ್ನು ತಡೆದು ನಿಲ್ಲಿಸುವ ಯಾವ ಭಾಗವೂ ಬದಲಾಗಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ, ಅದು ದ್ರಾಕ್ಷಿಯವರಿಗೆ ಮಾತ್ರ ಗೊತ್ತು. ಬಿರುಸಾದ ಪಾಟಾದ ಗಾಡಿಯಲ್ಲಿ ತಾಸಗಾಂವದ ದ್ರಾಕ್ಷಿ ಹೇರಿದರೆ ಪ್ರತಿ ತಗ್ಗಿನಲ್ಲೂ ಕ್ರೇಟು ಕುಣಿಯುತ್ತದೆ. ಗೊನೆಯಿಂದ ಕಾಳು ಉದುರುತ್ತವೆ, ಸಿಪ್ಪೆಯ ಮೇಲಿನ ಬಿಳಿ ಹೊದಿಕೆ ಅಳಿಸುತ್ತದೆ. ಪೇಟೆಯಲ್ಲಿ ದರ ಇಳಿಯುವುದು ಅಲ್ಲಿಯೇ. ಅರಿಷಿಣಕ್ಕೆ ಬಲ ಬೇಕು, ದ್ರಾಕ್ಷಿಗೆ ಮೆದು ಬೇಕು, ಎರಡರ ಸುಗ್ಗಿಯೂ ಒಂದೇ ತಿಂಗಳುಗಳಲ್ಲಿ, ಗಾಡಿಯೂ ಒಂದೇ. ಹೀಗಾಗಿ ಮೊದಲೇ ಹೆಚ್ಚು ತೂಕಕ್ಕೆ ಕಂಪನಿಯವರೇ ಹೊಂದಿಸಿದ ಗಾಡಿಯನ್ನು ಕೊಂಡು, ಅದರ ಮಿತಿಯೊಳಗೆ ಹೇರುವುದೇ ಲಾಭದ ದಾರಿ. 50 ಕಿಲೋದ ಚೀಲವಾದರೆ 1.7 ಟನ್ನಿಗೆ 34 ಚೀಲ. ಅರವತ್ತು ಹೇರಿದವನ ಗಾಡಿ ಮೂರು ಟನ್ ಹೊತ್ತಿರುತ್ತದೆ.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಗಡಿ ದಾಟುವವರು ತಿಳಿದಿರಲೇಬೇಕು. ಮಿರಜದಿಂದ ಮ್ಹೈಸಾಳ ದಾಟಿದರೆ ಕಾಗವಾಡ, ರಾಜ್ಯವೇ ಬದಲು. ಹೇರಿದ ಮಾಲೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟಿನ ಅಗತ್ಯವಿಲ್ಲ. ಅದಕ್ಕಿಂತ ಮೇಲಿನದಕ್ಕೆ ಬೇಕು. 7,500 ಕಿಲೋವರೆಗಿನ ಸಾಗಣೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಇದು ಸಾವಿರಾರು ಚಾಲಕರಿಗೆ ನೆಮ್ಮದಿ ತಂದ ತೀರ್ಪು. ಇನ್ನೊಂದು ಕಡೆ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5,000, ಇಲ್ಲವೇ ಆರು ತಿಂಗಳವರೆಗೆ ಜೈಲು. ಮುಂದೆ ಕಟ್ಟಿಸುವ ದಪ್ಪ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಗಾರ್ಡು ಗಾಡಿಯನ್ನು ಉಳಿಸಿದಂತೆ ಕಂಡರೂ ಅಡ್ಡ ಬಂದ ಮನುಷ್ಯನನ್ನು ಕೊಲ್ಲುತ್ತದೆ.

ಚಾಲಕನ ಸೀಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ನನಗೆ ಬೇಸರ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ 2025ರ ಅಕ್ಟೋಬರಿನಿಂದ ಎಸಿ ಕಡ್ಡಾಯವಾಗಿದೆ. ಮೂರೂವರೆ ಟನ್ನಿನೊಳಗಿನ ಪಿಕಪ್ಪಿಗೆ ಆ ನಿಯಮ ಇಲ್ಲ. ಏಪ್ರಿಲಿನಲ್ಲಿ 40 ಡಿಗ್ರಿ ಮುಟ್ಟುವ ಜತ್ತದ ರಸ್ತೆಯಲ್ಲಿ, ಎಂಜಿನ್ನಿನ ಬಿಸಿ ಕಾಲಿಗೆ ಬಡಿಯುತ್ತ, ರಾತ್ರಿ ತುಂಬಿ ಬೆಳಗ್ಗೆ ಇಳಿಸುವ ಮನುಷ್ಯ ಅವನು. ಏರಿಸಿ ಇಳಿಸುವ ಸೀಟು, ಕೆಲ ಹೊಸ ಮಾದರಿಗಳಲ್ಲಿ ಎಸಿ ಈಗ ಸಿಗುತ್ತವೆ. ಎಲ್‌ಇಡಿ ಪಟ್ಟಿ, ಡಿಜೆ ಸ್ಪೀಕರಿಗೆ ಕೈಬಿಚ್ಚುವ ಮಾಲಕ ಇದಕ್ಕೆ ಯಾಕೆ ಹಿಂಜರಿಯಬೇಕು?

ಸಂಜೆ ಆರು ಗಂಟೆಗೆ ಮಿರಜದಿಂದ ಮೂಡಲಕ್ಕೆ ಹೊರಟ ಪಿಕಪ್ಪುಗಳಲ್ಲಿ ಮಾಲು ಇರುವುದಿಲ್ಲ, ಹೆಣ್ಣುಮಕ್ಕಳಿರುತ್ತಾರೆ. ದ್ರಾಕ್ಷಿತೋಟದಲ್ಲಿ ಗೊನೆ ಬಿಡಿಸುವ, ಕಾಳು ತೆಳು ಮಾಡುವ ಕೂಲಿಯ ಅಕ್ಕಂದಿರು, ಅವ್ವಂದಿರು. ನಿಂತು, ಹೊಸದಾಗಿ ಏರಿಸಿದ ಜಾಳಿಗೆಯ ಪೈಪು ಹಿಡಿದು, ಊಟದ ಡಬ್ಬಿ ಕಾಲ ಸಂದಿಯಲ್ಲಿಟ್ಟು. ಮಾಲು ಎತ್ತರ ಹೇರಲೆಂದು ಕಟ್ಟಿಸಿದ ಜಾಳಿಗೆ ಮನುಷ್ಯರಿಗೆ ಹಿಡಿಕೆಯಾಗಿದೆ. ಜಾತ್ರೆಗೆ, ಮದುವೆಗೆ, ಗುಡ್ಡಾಪುರಕ್ಕೆ ಹೋಗುವಾಗಲೂ ಹೀಗೆಯೇ. ಸರಕಿನ ಗಾಡಿಯಲ್ಲಿ ಹೀಗೆ ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಆಶಾರಾಣಿ ಪ್ರಕರಣದಲ್ಲೇ ಹೇಳಿದೆ. ಗಾಡಿ ಮಗುಚಿದರೆ ಆ ಮನೆಗಳಿಗೆ ಬರುವುದು ಮಾತಿನ ಸಮಾಧಾನ ಮಾತ್ರ.

ಹೊಸ ಪಿಕಪ್ಪಿಗೆ ಕೈ ಹಾಕುವ ಸಾವಕಾರರೇ, ಅಣ್ಣಂದಿರೇ, ಜಿಎಸ್‌ಟಿಯಲ್ಲಿ ಉಳಿದ ಹಣವನ್ನು ಪಾಟಾಕ್ಕೆ, ಗಾರ್ಡಿಗೆ ಸುರಿಯಬೇಡಿ. ಒಂದು ದರ್ಜೆ ಮೇಲಿನ ಟನ್ನಿನ ಗಾಡಿ ಕೊಳ್ಳಿ, ಒಳ್ಳೆಯ ಟಯರು ಹಾಕಿಸಿ, ಹೌದಾದಲ್ಲಿ ಮಾರ್ಪಾಡು ಮಾಡಿಸಿದರೆ ಆರ್‌ಸಿಯಲ್ಲಿ ಬರೆಸಿ, ಚಾಲಕನಿಗೆ ಒಳ್ಳೆಯ ಸೀಟು ಕೊಡಿ. ಕೂಲಿಯವರನ್ನು ಕರೆತರಲು ಸೀಟಿರುವ ಬೇರೆ ಗಾಡಿ ಗೊತ್ತು ಮಾಡಿ, ಅದರ ಬಾಡಿಗೆಯನ್ನು ತೋಟದ ಖರ್ಚಿನಲ್ಲೇ ಹಿಡಿಯಿರಿ.